ಎರಡು ಕೋಟಿ ಪಹಣಿಗಳಲ್ಲಿ ಒಂದನ್ನು ಹುಡುಕುವುದು



ತಿಪಟೂರಿನ ತಾಲ್ಲೂಕು ಕಚೇರಿಯಲ್ಲಾಗಲಿ, ದಂಡಿನಶಿವರದಲ್ಲಾಗಲಿ, ಹುಳಿಯಾರಿನಲ್ಲಾಗಲಿ, ಪಹಣಿ ಬೇಕೆಂದು ಕಿಟಕಿಯ ಮುಂದೆ ನಿಂತವರಿಗೆಲ್ಲ ಒಂದು ಕ್ರಮ ಬಾಯಿಪಾಠವಾಗಿರುತ್ತದೆ. ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಹೋಬಳಿ ಯಾವುದು, ಊರು ಯಾವುದು, ಸರ್ವೆ ನಂಬರು ಎಷ್ಟು, ಆ ನಂಬರಿನ ಭಾಗ ತಿಳಿಸುವ ಸರ್ನಾಕ್ ಏನು, ಹಿಸ್ಸಾ ಎಷ್ಟು. ಇಷ್ಟನ್ನೂ ಇದೇ ಸಾಲಿನಲ್ಲಿ ಹೇಳಿದರೆ ಪಹಣಿ ಕೂಡಲೇ ಪರದೆಯ ಮೇಲೆ ಬರುತ್ತದೆ. ಹಿಸ್ಸಾ ಮರೆತರೆ ಸ್ವಲ್ಪ ತಡಕಾಟ. ಸರ್ವೆ ನಂಬರೇ ಗೊತ್ತಿಲ್ಲ, ಅಪ್ಪನ ಹೆಸರು ಮಾತ್ರ ಗೊತ್ತು ಎಂದರೆ ಕಿಟಕಿಯ ಆಚೆ ಕೂತವರ ಮುಖ ಸಪ್ಪಗಾಗುತ್ತದೆ. ಒಂದೇ ಪಹಣಿ, ಒಂದೇ ಗಣಕಯಂತ್ರ. ಕೇಳುವ ಬಗೆ ಬದಲಾದರೆ ಇಷ್ಟೇಕೆ ವ್ಯತ್ಯಾಸ? ಇವತ್ತು ಹೇಳಹೊರಟಿರುವುದು ಅದನ್ನೇ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ರಾಜ್ಯದ ಪಹಣಿಗಳನ್ನೆಲ್ಲ ಗಣಕಕ್ಕೆ ಏರಿಸಿದ ಯೋಜನೆಯ ಹೆಸರು ‘ಭೂಮಿ’. ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ಮಾಡಿದ ಈ ಕೆಲಸ 2001ರ ಹೊತ್ತಿಗೆ ತಾಲ್ಲೂಕು ತಾಲ್ಲೂಕಿಗೂ ಹಬ್ಬಿತು. ಇಲಾಖೆಯಲ್ಲಿ ಇದರ ಹಿಂದೆ ನಿಂತು ದುಡಿದ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಭೂಮಾಲೀಕರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಗಣಕದ ಪ್ರತಿ ಕೈಗೆ ಬರತೊಡಗಿತು. ಮೊದಮೊದಲು ಒಂದೊಂದು ತಾಲ್ಲೂಕು ಕಚೇರಿಯಲ್ಲಿ ಒಂದೊಂದು ಸರ್ವರ್ ಇತ್ತು. ಆಮೇಲೆ ಎಲ್ಲವೂ ಬೆಂಗಳೂರಿನಲ್ಲಿ ಒಂದೆಡೆ ಸೇರಿತು. ತಿಪಟೂರಿನದಷ್ಟನ್ನೇ ಹುಡುಕುತ್ತಿದ್ದ ಗಣಕ ಈಗ ಇಡೀ ರಾಜ್ಯದ ರಾಶಿಯಲ್ಲಿ ಹುಡುಕಬೇಕು.

ಈ ರಾಶಿಯನ್ನು ಇಟ್ಟುಕೊಳ್ಳುವ ರೀತಿಗೆ ಸಂಬಂಧಾತ್ಮಕ ಡೇಟಾಬೇಸ್ ಎನ್ನುತ್ತಾರೆ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಇದರ ತಳಹದಿ ಹಾಕಿದರು. ಮಾಹಿತಿಯನ್ನೆಲ್ಲ ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇಡು. ನಿನಗೆ ಏನು ಬೇಕೋ ಅದನ್ನಷ್ಟೇ ಕೇಳು. ಹೇಗೆ ಹುಡುಕಬೇಕೆಂಬುದು ಯಂತ್ರದ ತಲೆನೋವು. ಕಾಡ್ ಹೇಳಿದ್ದರ ಸಾರ ಇಷ್ಟು. ಕೇಳಲು ಬಲು ಸೊಗಸು. ಆದರೆ ಯಂತ್ರದ ತಲೆನೋವು ಕಡಿಮೆಯಾಗುವಂತೆ ನಾವು ಏರ್ಪಾಡು ಮಾಡಿರದಿದ್ದರೆ ಅದು ಮಾಡುವುದು ಒಂದೇ ಕೆಲಸ: ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಓದುವುದು.

ಲೆಕ್ಕ ಹಾಕಿ ನೋಡೋಣ. ಡೇಟಾಬೇಸ್ ತನ್ನ ಮಾಹಿತಿಯನ್ನು ಪುಟಪುಟವಾಗಿ ಡಿಸ್ಕಿನಲ್ಲಿ ಇಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವಾಗಲಿ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಆಗಲಿ, ಒಂದು ಪುಟ ಎಂದರೆ 8 ಕಿಲೋಬೈಟು. ಪುಟಕ್ಕೆ 20 ಸಾಲು ಹಿಡಿಸಿದರೆ 2 ಕೋಟಿ ಸಾಲಿಗೆ 10 ಲಕ್ಷ ಪುಟ. ಒಂದು ಪಹಣಿಗಾಗಿ 10 ಲಕ್ಷ ಪುಟ ಓದುವುದೆಂದರೆ, ಅದೂ ಸಾವಿರ ಜನ ಒಂದೇ ಹೊತ್ತಿಗೆ ಕೇಳಿದರೆ, ಯಾವ ಸರ್ವರ್ ತಡೆದೀತು? ಅದಕ್ಕೇ ಇಂಡೆಕ್ಸ್ ಬೇಕು. ಹುಡುಕುವ ಕಾಲಮನ್ನು ಮಾತ್ರ ಪ್ರತ್ಯೇಕವಾಗಿ ತೆಗೆದು, ಕ್ರಮವಾಗಿ ಜೋಡಿಸಿ, ಪ್ರತಿಯೊಂದರ ಎದುರಿಗೆ ಪೂರ್ತಿ ಸಾಲು ಯಾವ ಪುಟದಲ್ಲಿದೆ ಎಂದು ಬರೆದಿಡುವ ಸೂಚಿ ಅದು. ಇದನ್ನು ಮರದ ಆಕಾರದಲ್ಲಿ ಕಟ್ಟುವ ವಿಧಾನವನ್ನು 1970ರ ಸುಮಾರಿಗೆ ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದರು. ಅದರ ಹೆಸರು ಬಿ-ಟ್ರೀ. ಸೂಚಿಯ ಒಂದು ಪುಟದಲ್ಲಿ 200 ನಮೂದು ಹಿಡಿಸುತ್ತದೆ ಎನ್ನಿ. ಬೇರಿನ ಪುಟದಿಂದ 200 ಪುಟಗಳಿಗೆ ದಾರಿ, ಅಲ್ಲಿಂದ ತಲಾ 200ಕ್ಕೆ. ಮೂರು ಮೆಟ್ಟಿಲಿಗೆ 80 ಲಕ್ಷ, ನಾಲ್ಕಕ್ಕೆ 160 ಕೋಟಿ. ಅಂದರೆ 2 ಕೋಟಿ ಪಹಣಿಯಲ್ಲಿ ಒಂದನ್ನು ಹುಡುಕಲು ಸೂಚಿಯ ನಾಲ್ಕು ಪುಟ, ಪಹಣಿಯ ಒಂದು ಪುಟ, ಒಟ್ಟು ಐದು ಪುಟ ಓದಿದರೆ ಮುಗಿಯಿತು. 10 ಲಕ್ಷ ಎಲ್ಲಿ, ಐದು ಎಲ್ಲಿ! ಐವತ್ತು ವರ್ಷ ದಾಟಿದರೂ ಈ ವಿಧಾನ ಇನ್ನೂ ವ್ಯಾಪಕ ಬಳಕೆಯಲ್ಲಿದೆ.

ಈಗ ಕಿಟಕಿಯ ಕ್ರಮಕ್ಕೆ ಬರೋಣ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನಾಕ್, ಹಿಸ್ಸಾ ಎಂಬ ಏಳು ಕಾಲಂಗಳನ್ನು ಇದೇ ಅನುಕ್ರಮದಲ್ಲಿ ಸೇರಿಸಿ ಒಂದು ಸೂಚಿ ಕಟ್ಟಿದರೆ, ಎಡಗಡೆಯಿಂದ ಎಷ್ಟು ಗೊತ್ತಿದೆಯೋ ಅಷ್ಟು ವೇಗ. ಗ್ರಾಮದವರೆಗೆ ಗೊತ್ತಿದ್ದರೆ ಆ ಊರಿನ ಪಹಣಿಗಳೆಲ್ಲ ಸೂಚಿಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ, ಗುಡಿಸಿದಂತೆ ಎತ್ತಿಕೊಳ್ಳಬಹುದು. ಎಡಗಡೆಯದನ್ನು ಬಿಟ್ಟು ನಡುವಿನದನ್ನು ಹೇಳಿದರೆ ಸೂಚಿ ಇದ್ದೂ ಇಲ್ಲದಂತೆ. ‘ಕಸಬಾ ಹೋಬಳಿ, ಸರ್ವೆ ನಂಬರು 45’ ಎಂದಷ್ಟೇ ಹೇಳಿ ನೋಡಿ. ಕಸಬಾ ಹೋಬಳಿ ತಿಪಟೂರಿಗೂ ಇದೆ, ತುರುವೇಕೆರೆಗೂ ಇದೆ, ಚಿಕ್ಕನಾಯಕನಹಳ್ಳಿಗೂ ಇದೆ. 45ನೇ ನಂಬರು ಇಲ್ಲದ ಊರು ಕಡಿಮೆ. ನೊಣವಿನಕೆರೆ, ಹೊನ್ನವಳ್ಳಿ, ಕಂದಿಕೆರೆ, ಹಂದನಕೆರೆ, ಶೆಟ್ಟಿಕೆರೆ, ಮಾಯಸಂದ್ರ, ದಬ್ಬೇಘಟ್ಟ ಎಂದು ಹೋಬಳಿಯ ಹೆಸರು ವಿಶಿಷ್ಟವಾಗಿದ್ದರೆ ಒಂದಿಷ್ಟು ಅನುಕೂಲ, ಆದರೂ ಎಡಗಡೆಯ ಬಾಗಿಲು ತೆರೆಯದೆ ಒಳಗೆ ಹೋಗಲಾಗದು.

ಕಚೇರಿಯ ಕ್ರಮ ಹೀಗಾಯಿತು. ಆದರೆ ಜನ ಬರುವುದು ಈ ಕ್ರಮದಲ್ಲಿ ಅಲ್ಲವಲ್ಲ! ಕಿಟಕಿಯ ಮುಂದೆ ನಿಂತ ಹಿರಿಯರೊಬ್ಬರು, ‘ನಮ್ಮಪ್ಪಂದು ಕೆರೆ ಕೆಳಗಿನ ತೋಟ ಸ್ವಾಮಿ, ಮೂವತ್ತು ಗುಂಟೆ, ಚನ್ನಬಸವಯ್ಯ ಅಂತ’ ಎನ್ನುತ್ತಾರೆ. ಒಳಗಿನ ಹುಡುಗ, ‘ಅಜ್ಜಾ, ಸರ್ವೆ ನಂಬರ್ ಹೇಳಿ’ ಎನ್ನುತ್ತಾನೆ. ಇಬ್ಬರೂ ಸರಿ. ಅಜ್ಜನ ಕೈಯಲ್ಲಿರುವುದು ಹೆಸರು, ಗಣಕದ ಕೈಯಲ್ಲಿರುವುದು ನಂಬರು. ಭೂಮಿಯ ಜಾಲತಾಣದಲ್ಲಿ ಮಾಲೀಕರ ಹೆಸರಿನಿಂದ ಹುಡುಕುವ ದಾರಿಯೂ ಇದೆ, ಆದರೆ ಊರು ಯಾವುದೆಂದು ಮೊದಲು ಹೇಳಬೇಕು. ಊರಿನೊಳಗೆ ಹೆಸರು ಹುಡುಕುವುದು ದೊಡ್ಡ ವಿಷಯವಲ್ಲ, ನಾಲ್ಕುನೂರೋ ಐನೂರೋ ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ, ಇಡೀ ಜಿಲ್ಲೆಯಲ್ಲಿ ಹೆಸರು ಹುಡುಕಬೇಕೆಂದರೆ ಆಗ ನಿಜವಾದ ಪರೀಕ್ಷೆ.

ಇಂಥ ಹುಡುಕಾಟದಲ್ಲಿ ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ಹೊಸ ಯಂತ್ರ ಕೊಳ್ಳಿ ಎನ್ನುವವರೇ ಹೆಚ್ಚು. ನಾನು ಕಂಡಂತೆ ನಿಧಾನಕ್ಕೆ ಕಾರಣ ಬಹುಪಾಲು ಯಂತ್ರವಲ್ಲ. ಜನ ಏನು ಕೇಳುತ್ತಾರೆ ಎಂಬುದನ್ನು ಕೋಷ್ಟಕ ಮಾಡಿದವರು ಮೊದಲೇ ಯೋಚಿಸದಿರುವುದು. ಸೂಚಿ ಇದ್ದೂ ಅದನ್ನು ಕುರುಡಾಗಿಸುವ ಸಣ್ಣ ಸಣ್ಣ ತಪ್ಪುಗಳು ಎಷ್ಟೋ. ಸರ್ವೆ ನಂಬರನ್ನು ಸಂಖ್ಯೆಯಾಗಿ ಇಡದೆ ಅಕ್ಷರವಾಗಿ ಇಟ್ಟರೆ ಜೋಡಣೆ 1, 10, 100, 2 ಎಂದು ಹೋಗುತ್ತದೆ. 40ರಿಂದ 50ರವರೆಗೆ ಕೊಡು ಎಂದರೆ ನಡುವೆ 400 ಬಂದು ಕೂರುತ್ತದೆ. ಅಕ್ಷರವಾಗಿ ಇಟ್ಟ ಕಾಲಮನ್ನು ಸಂಖ್ಯೆಯೊಡನೆ ಹೋಲಿಸಿದರೆ, ಕೆಲವು ಡೇಟಾಬೇಸ್‌ಗಳು ಪ್ರತಿ ಸಾಲನ್ನೂ ಮೊದಲು ಸಂಖ್ಯೆಗೆ ತಿರುಗಿಸಿ ಆಮೇಲೆ ಹೋಲಿಸುತ್ತವೆ. 2 ಕೋಟಿ ಸಲ ತಿರುಗಿಸುವ ಕೆಲಸ, ಸೂಚಿ ಮೂಲೆಗೆ. ಹಿಸ್ಸಾದ ಪಾಡು ಇನ್ನೂ ಕಷ್ಟ. ಒಬ್ಬ ‘1ಎ’ ಎಂದು ಒತ್ತಿದ್ದಾನೆ, ಇನ್ನೊಬ್ಬ ‘1ಅ’, ಮತ್ತೊಬ್ಬ ‘1/ಎ’, ಮಗದೊಬ್ಬ ನಡುವೆ ಒಂದು ಖಾಲಿ ಜಾಗ ಬಿಟ್ಟು. ಕನ್ನಡ ಅಂಕಿಯಲ್ಲಿ ‘೪೫’ ಎಂದು ಹಾಕಿದವರೂ ಇರುತ್ತಾರೆ. ಓದುವ ನಮಗೆ ಒಂದೇ. ಗಣಕಕ್ಕೆ ಬೇರೆ ಬೇರೆ. ಇದನ್ನೆಲ್ಲ ಹುಡುಕುವಾಗ ಸರಿಮಾಡುವುದು ದಡ್ಡತನ. ಒಳಗೆ ಹಾಕುವಾಗಲೇ ಒಂದು ರೂಪಕ್ಕೆ ತರಬೇಕು.

ಒಂದು ಹಿಸ್ಸಾಕ್ಕೆ ಮೂವರು ಅಣ್ಣತಮ್ಮಂದಿರು ಜಂಟಿ ಖಾತೆದಾರರು ಎನ್ನಿ. ಮೂರೂ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಕಾಲಮಿನಲ್ಲಿ ತುಂಬಿದರೆ, ಸೂಚಿ ಹಿರಿಯಣ್ಣನ ಹೆಸರಿನಿಂದ ಮಾತ್ರ ತೆರೆಯುತ್ತದೆ. ಕಿರಿಯವನ ಹೆಸರು ಹುಡುಕಬೇಕಾದರೆ ‘ಮುಂದೆ ಏನೇ ಇರಲಿ, ನಡುವೆ ಈ ಹೆಸರಿದ್ದರೆ ಕೊಡು’ ಎಂದು ಕೇಳಬೇಕು. ಹಾಗೆ ಕೇಳಿದರೆ ಬಿ-ಟ್ರೀ ಕೈಚೆಲ್ಲುತ್ತದೆ, ಮತ್ತೆ 10 ಲಕ್ಷ ಪುಟ. ಮಾಲೀಕರಿಗೆಂದೇ ಬೇರೆ ಕೋಷ್ಟಕ ಮಾಡಿ, ಒಬ್ಬರಿಗೆ ಒಂದು ಸಾಲು ಕೊಟ್ಟು, ಹೆಸರು ಒಂದು ಕಾಲಂ, ‘ಬಿನ್’ ಅಥವಾ ‘ಕೋಂ’ ಒಂದು ಕಾಲಂ, ತಂದೆಯದೋ ಗಂಡನದೋ ಹೆಸರು ಒಂದು ಕಾಲಂ ಎಂದು ಬಿಡಿಸಿಟ್ಟರೆ ಮೂವರೂ ಅಷ್ಟೇ ಬೇಗ ಸಿಗುತ್ತಾರೆ. ಕಾಡ್ ಹೇಳಿದ ಮೊದಲ ನಿಯಮವೇ ಇದು: ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಮೌಲ್ಯ. ಆದರೆ ಸಹಕಾರ ಸಂಘಗಳ, ಸಣ್ಣಪುಟ್ಟ ಕಚೇರಿಗಳ ಎಕ್ಸೆಲ್ ಹಾಳೆಗಳಿಂದ ಎತ್ತಿ ತಂದ ಮಾಹಿತಿಯಲ್ಲಿ ಈ ನಿಯಮ ಮುರಿಯದೆ ಇರುವುದೇ ಅಪರೂಪ.

ಈಗ ಕನ್ನಡದ ಹೆಸರುಗಳ ವಿಷಯ. ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ನಮ್ಮ ಸೀಮೆಯ ಹೆಸರುಗಳನ್ನು ನೋಡಿ. ಚನ್ನಬಸವಯ್ಯ, ಚೆನ್ನಬಸವಯ್ಯ. ಸಿದ್ದಪ್ಪ, ಸಿದ್ಧಪ್ಪ. ಗಂಗಾಧರಯ್ಯ, ಗಂಗಾದರಯ್ಯ. ಈರಣ್ಣ, ವೀರಣ್ಣ. ಪಹಣಿ ಬರೆದ ಶಾನುಭೋಗರ ಕೈ ಒಂದು, ಅದನ್ನು ನೋಡಿ ಟೈಪು ಮಾಡಿದವರ ಕಿವಿ ಇನ್ನೊಂದು, ಆಧಾರ್ ಕಾರ್ಡಿನವರದು ಮತ್ತೊಂದು. ಮನುಷ್ಯ ಒಬ್ಬನೇ. ಹಾಗೆಂದು ಈರಣ್ಣನೂ ವೀರಣ್ಣನೂ ಒಬ್ಬನೇ ಎಂದು ಗಣಕ ತಾನಾಗಿ ತೀರ್ಮಾನಿಸಿಬಿಟ್ಟರೆ ಅದೂ ಅಪಾಯ, ಜಮೀನಿನ ಪ್ರಶ್ನೆ.

ಕಣ್ಣಿಗೆ ಕಾಣುವ ಈ ವ್ಯತ್ಯಾಸದ ಕೆಳಗೆ ಕಣ್ಣಿಗೆ ಕಾಣದ್ದೊಂದಿದೆ. ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ ಒಂದು ಅಂಕೆ ಇದೆ. ‘ಕೊಬ್ಬರಿ’ ಎಂದು ಬರೆಯಿರಿ. ಮೊದಲಕ್ಷರ ‘ಕೊ’ ಇದೆಯಲ್ಲ, ಅದನ್ನು ಕ ಮತ್ತು ಒತ್ವ ಎಂದು ಎರಡು ಸಂಕೇತದಲ್ಲೂ ಇಡಬಹುದು. ಕ, ಎತ್ವ, ಊತ್ವ ಎಂದು ಮೂರು ಸಂಕೇತದಲ್ಲೂ ಇಡಬಹುದು. ಪರದೆಯ ಮೇಲೆ ಎರಡೂ ತದ್ರೂಪು. ಒಳಗೆ ಬೈಟುಗಳು ಬೇರೆ. ಒಂದು ಬಗೆಯಲ್ಲಿ ಇಟ್ಟದ್ದನ್ನು ಇನ್ನೊಂದು ಬಗೆಯಲ್ಲಿ ಹುಡುಕಿದರೆ, ತಿಪಟೂರಿನಂಥ ಕೊಬ್ಬರಿಯ ಸೀಮೆಯಲ್ಲೇ ಕೊಬ್ಬರಿ ಇಲ್ಲ ಎಂಬ ಉತ್ತರ ಬರಬಹುದು! ‘ತೋಟ’ದ ‘ತೋ’ಗೂ ಇದೇ ಕಥೆ. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರ ಬಿಡಿಸಿ ಬರೆಯುವಾಗ ನಡುವೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಒಬ್ಬ ಹಾಕಿರುತ್ತಾನೆ, ಇನ್ನೊಬ್ಬ ಹಾಕಿರುವುದಿಲ್ಲ. ಯೂನಿಕೋಡ್‌ಗೂ ಮುಂಚಿನ ಫಾಂಟುಗಳಲ್ಲಿ ಟೈಪಾದ ದಾಖಲೆಗಳಂತೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಪರಿವರ್ತಿಸದೆ ಹುಡುಕುವ ಮಾತೇ ಇಲ್ಲ. ಮದ್ದು ಏನು? ‘ಕೊ’ಗೆ ಇರುವಂತೆ ಒಂದಕ್ಕಿಂತ ಹೆಚ್ಚು ರೂಪ ಇದ್ದಲ್ಲಿ ಒಂದೇ ರೂಪಕ್ಕೆ ತರುವ ನಿಯಮವನ್ನು ಯೂನಿಕೋಡಿನವರೇ ಕೊಟ್ಟಿದ್ದಾರೆ. ಕಾಣದ ಚಿಹ್ನೆಯನ್ನು ಮಾತ್ರ ನಾವೇ ತೆಗೆಯಬೇಕು, ಆ ನಿಯಮ ಅದನ್ನು ಮುಟ್ಟುವುದಿಲ್ಲ. ಕನ್ನಡ ಮಾಹಿತಿ ಇಡುವ ಪ್ರತಿಯೊಬ್ಬರೂ ದಾಖಲಿಸುವಾಗ ಒಮ್ಮೆ, ಹುಡುಕುವಾಗ ಒಮ್ಮೆ ಇವೆರಡನ್ನೂ ಮಾಡಬೇಕು. ನಾಲ್ಕು ಸಾಲಿನ ಕೆಲಸ.

ಕಾಗುಣಿತ ತಪ್ಪಿದ ಹೆಸರುಗಳ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲೇ ಇದಕ್ಕೊಂದು ಪೇಟೆಂಟ್ ಪಡೆದರು. ಹೆಸರಿನ ಮೊದಲಕ್ಷರ ಉಳಿಸಿಕೊಂಡು, ಮಿಕ್ಕ ವ್ಯಂಜನಗಳಲ್ಲಿ ಒಂದೇ ಬಗೆಯ ಧ್ವನಿಗಳಿಗೆ ಒಂದೇ ಅಂಕೆ ಕೊಟ್ಟು, ಕಿವಿಗೆ ಒಂದೇ ಥರ ಕೇಳುವ ಹೆಸರುಗಳನ್ನು ಒಂದೇ ಗುಂಪಿಗೆ ಹಾಕುವ ಉಪಾಯ. ಸೌಂಡೆಕ್ಸ್ ಎಂದು ಹೆಸರು. ಅಲ್ಲಿನ ಜನಗಣತಿಯ ಸೂಚಿಗಳಿಗೆ ಅದನ್ನು ಬಳಸಿದರು. ಇವತ್ತಿನ ಡೇಟಾಬೇಸ್‌ಗಳಲ್ಲೂ ಅದು ಸಿದ್ಧವಾಗಿ ಸಿಗುತ್ತದೆ. ಆದರೆ ಇಂಗ್ಲಿಷಿನ ಕಿವಿಗೆ ಮಾಡಿದ್ದು, ಕನ್ನಡಕ್ಕೆ ಕೂರುವುದಿಲ್ಲ. ನಮಗೆ ಬೇಕಾದ ನಿಯಮಗಳನ್ನು ನಾವೇ ಬರೆದುಕೊಳ್ಳಬೇಕು, ಮತ್ತು ಅದು ಕಷ್ಟವೇನಲ್ಲ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡು. ಶ, ಷ, ಸ ಮೂರನ್ನೂ ಸ ಮಾಡು. ‘ಚೆನ್ನ’ವನ್ನು ‘ಚನ್ನ’ ಮಾಡು. ಒತ್ತಕ್ಷರ ಬಿಡಿಸು. ಹೀಗೆ ಬಂದ ರೂಪವನ್ನು ‘ಹುಡುಕುಕೀಲಿ’ ಎಂಬ ಬೇರೊಂದು ಕಾಲಮಿನಲ್ಲಿ ಇಟ್ಟು ಅದಕ್ಕೆ ಸೂಚಿ ಕಟ್ಟು. ಮೂಲ ಹೆಸರನ್ನು ಮುಟ್ಟಬೇಡ. ಪಹಣಿಯಲ್ಲಿ ಅಚ್ಚಾಗುವುದು ಅದೇ.

ನಿಯಮಕ್ಕೆ ಸಿಗದ ತಪ್ಪುಗಳಿಗೆ ಇನ್ನೊಂದು ದಾರಿ: ಹೆಸರನ್ನು ಮೂರು ಮೂರು ಸಂಕೇತಗಳ ತುಣುಕು ಮಾಡುವುದು. ‘ಚನ್ನಬಸವಯ್ಯ’ ಎಂಬುದರಲ್ಲಿ ಒತ್ತಕ್ಷರ ಕೂಡಿಸುವ ಚಿಹ್ನೆ ಸೇರಿ 10 ಸಂಕೇತಗಳಿವೆ; ಒಂದೊಂದೇ ಮುಂದೆ ಸರಿಯುತ್ತ ಹೋದರೆ 8 ತುಣುಕು. ‘ಚೆನ್ನಬಸವಯ್ಯ’ದಲ್ಲಿ ಎತ್ವ ಸೇರಿ 11 ಸಂಕೇತ, 9 ತುಣುಕು. ಮೊದಲನೆಯ ಹೆಸರಿನ 8ರಲ್ಲಿ 7 ತುಣುಕು ಎರಡನೆಯದರಲ್ಲೂ ಇವೆ. ಇಷ್ಟು ಹತ್ತಿರವಿರುವ ಹೆಸರನ್ನು ‘ಇದೂ ಇರಬಹುದೇ ನೋಡಿ’ ಎಂದು ತೋರಿಸಿದರೆ ಸಾಕು, ತೀರ್ಮಾನ ಕಿಟಕಿಯ ಎರಡೂ ಕಡೆ ಇರುವ ಮನುಷ್ಯರದು. ತುಣುಕುಗಳಿಗೂ ಸೂಚಿ ಕಟ್ಟಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಸೌಲಭ್ಯವಿದೆ. ನಡುವಿನ ಹೆಸರು, ಕೊನೆಯ ಹೆಸರು ಯಾವುದನ್ನು ಕೇಳಿದರೂ ಆಗ ಪೂರ್ತಿ ರಾಶಿ ಓದಬೇಕಿಲ್ಲ. ಒಂದು ಎಚ್ಚರಿಕೆ: ಕಾಗುಣಿತದ ಚಿಹ್ನೆಗಳನ್ನು ಅಕ್ಷರವೆಂದೇ ಎಣಿಸದೆ ಅಲ್ಲಲ್ಲಿ ಹೆಸರನ್ನು ತುಂಡರಿಸುವ ತಂತ್ರಾಂಶಗಳಿವೆ. ಬಳಸುವ ಮೊದಲು ನಾಲ್ಕು ಕನ್ನಡದ ಹೆಸರು ಕೊಟ್ಟು ಪರೀಕ್ಷಿಸಬೇಕು.

ಪಹಣಿಯ 9ನೇ ಕಾಲಮಿನಲ್ಲಿ ಮಾಲೀಕರ ಹೆಸರಾದರೆ 11ನೆಯದರಲ್ಲಿ ಸಾಲ, ಋಣ, ತಡೆಯಾಜ್ಞೆಗಳ ಒಕ್ಕಣೆ. ಅಲ್ಲಿ ಬ್ಯಾಂಕಿನ ಹೆಸರು, ಮೊತ್ತ, ನ್ಯಾಯಾಲಯದ ಆದೇಶ ಎಲ್ಲ ವಾಕ್ಯರೂಪದಲ್ಲಿ. ಇಂಥ ಬರಹದಲ್ಲಿ ಹುಡುಕಲು ಬೇಕಾದದ್ದು ತಿರುಗುಸೂಚಿ: ಪ್ರತಿ ಪದದ ಎದುರಿಗೆ ಅದು ಯಾವ ಯಾವ ದಾಖಲೆಯಲ್ಲಿದೆ ಎಂಬ ಪಟ್ಟಿ. ಸಿಕ್ಕ ನೂರರಲ್ಲಿ ಯಾವುದನ್ನು ಮೊದಲು ತೋರಿಸಬೇಕು ಎಂಬುದಕ್ಕೆ ಇಂಗ್ಲೆಂಡಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಒಂದು ಸರಳ ವಿಚಾರ ಕೊಟ್ಟರು. ಎಲ್ಲೆಡೆ ಬರುವ ಪದಕ್ಕೆ ಬೆಲೆ ಕಡಿಮೆ, ಅಪರೂಪದ ಪದಕ್ಕೆ ಹೆಚ್ಚು. ‘ಸಹಕಾರ ಸಂಘ ಶೆಟ್ಟಿಕೆರೆ’ ಎಂದು ಕೇಳಿದರೆ ‘ಸಹಕಾರ’, ‘ಸಂಘ’ ಎಂಬವು ಏನನ್ನೂ ಬೇರ್ಪಡಿಸುವುದಿಲ್ಲ, ‘ಶೆಟ್ಟಿಕೆರೆ’ಯೇ ಕೀಲಿ. ದೊಡ್ಡ ಹುಡುಕುಯಂತ್ರಗಳೂ ಇದೇ ವಿಚಾರದ ಮೇಲೆ ಬೆಳೆದವು.

ಪಹಣಿಯಂತೆಯೇ ಹುಡುಕಬೇಕಾದ ಇನ್ನೊಂದು ರಾಶಿ ಮಾರುಕಟ್ಟೆಯದು. ತಿಪಟೂರಿನ ಎಪಿಎಂಸಿಗೆ ಉಂಡೆ ಕೊಬ್ಬರಿಯ ಚೀಲ ಬಂದಾಗ ಅದಕ್ಕೊಂದು ಲಾಟ್ ನಂಬರು ಬೀಳುತ್ತದೆ, ವರ್ತಕರು ಮಾಲು ನೋಡಿ ಗಣಕದಲ್ಲಿ ದರ ನಮೂದಿಸುತ್ತಾರೆ, ಹೆಚ್ಚಿನ ದರಕ್ಕೆ ಲಾಟ್ ಹೋಗುತ್ತದೆ. ರಾಜ್ಯದ ಮಾರುಕಟ್ಟೆಗಳನ್ನು ಹೀಗೆ ಒಂದೇ ಗಣಕ ವೇದಿಕೆಗೆ ತರಲು 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ಸ್ ಸರ್ವೀಸಸ್ ಎಂಬ ಕಂಪನಿಯೇ ಹುಟ್ಟಿತು. ರೈತರ ಪ್ರಶ್ನೆ ಒಂದೇ: ಇವತ್ತಿನ ಧಾರಣೆ ಎಷ್ಟು? 2023ರಲ್ಲಿ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದಿದ್ದ ಕ್ವಿಂಟಾಲ್ ಕೊಬ್ಬರಿ 2025ರಲ್ಲಿ 20,000 ದಾಟಿತು. ಇಂಥ ಏರಿಳಿತದಲ್ಲಿ ಎಲ್ಲರೂ ಗಳಿಗೆಗೊಮ್ಮೆ ಮೊಬೈಲು ನೋಡುವವರೇ. ಕೇಳಿದಾಗಲೆಲ್ಲ ದಿನದ ಲಾಟುಗಳನ್ನೆಲ್ಲ ಕೂಡಿ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಲೆಕ್ಕ ಹಾಕುವುದು ವ್ಯರ್ಥ. ಹರಾಜು ಮುಗಿದ ಕೂಡಲೇ ಒಮ್ಮೆ ಲೆಕ್ಕ ಹಾಕಿ ದಿನಕ್ಕೆ ಒಂದು ಸಾಲಿನ ಸಾರಾಂಶ ಕೋಷ್ಟಕದಲ್ಲಿಟ್ಟರೆ ಲಕ್ಷ ಜನ ಕೇಳಿದರೂ ಓದುವುದು ಒಂದೇ ಸಾಲು.

ಹಳೆಯ ವರ್ಷಗಳ ಲಾಟುಗಳನ್ನು ಏನು ಮಾಡುವುದು? ನಮ್ಮ ಅಟ್ಟಗಳಲ್ಲಿ ಮಾಡುವುದನ್ನೇ. ಒಂದೊಂದು ಕೊಯ್ಲಿನ ಕಾಯನ್ನು ಬೇರೆ ಬೇರೆ ರಾಶಿ ಹಾಕುತ್ತೇವೆ, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುವ ಹಳೆಯ ರಾಶಿಯನ್ನಷ್ಟೇ ಸುಲಿಯಲು ಇಳಿಸುತ್ತೇವೆ. ಹೊಸ ರಾಶಿಯನ್ನು ಕೆದಕುವುದಿಲ್ಲ. ಡೇಟಾಬೇಸಿನಲ್ಲೂ ಕೋಷ್ಟಕವನ್ನು ವರ್ಷವಾರು ಅಥವಾ ತಿಂಗಳವಾರು ಭಾಗ ಮಾಡಿಟ್ಟರೆ, ಈ ತಿಂಗಳ ಪ್ರಶ್ನೆಗೆ ಈ ತಿಂಗಳ ಭಾಗ ಮಾತ್ರ ತೆರೆಯುತ್ತದೆ.

2024ರ ಆರಂಭದಲ್ಲಿ ನಾಫೆಡ್ ಮೂಲಕ ಉಂಡೆ ಕೊಬ್ಬರಿ ಕೊಳ್ಳಲು ನೋಂದಣಿ ನಡೆದದ್ದು ನಿಮಗೆ ನೆನಪಿರಬಹುದು. ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ, ಮೇಲೆ ರಾಜ್ಯ ಸರ್ಕಾರದ 1,500 ಪ್ರೋತ್ಸಾಹಧನ. ನೋಂದಣಿ ಕೇಂದ್ರಗಳ ಮುಂದೆ ಉದ್ದನೆಯ ಸಾಲು. ಒಂದೇ ಹೊತ್ತಿಗೆ ಎಲ್ಲರೂ ಬರೆಯಲು ಬರುವ ಇಂಥ ದಿನಗಳಿಗೆ ಹುಡುಕಾಟದ ಏರ್ಪಾಡೇ ಬೇರೆ ಬೇಕು. ಬರೆಯುವ ಡೇಟಾಬೇಸ್ ಒಂದು, ಅದರ ನಕಲಿನಿಂದ ಓದುವ ಡೇಟಾಬೇಸ್ ಇನ್ನೊಂದು. ‘ಇದುವರೆಗೆ ಎಷ್ಟು ಜನ ನೋಂದಾಯಿಸಿದರು’ ಎಂದು ಮೇಲಧಿಕಾರಿ ಕೇಳುವ ದೊಡ್ಡ ವರದಿ ನಕಲಿನ ಮೇಲೆ ನಡೆಯಲಿ. ಸಾಲಿನಲ್ಲಿ ನಿಂತ ರೈತನ ನಮೂದಿಗೆ ಅದು ಅಡ್ಡ ಬರಬಾರದು. ಹೋಬಳಿ, ಗ್ರಾಮಗಳ ಪಟ್ಟಿಯಂಥ ಎಂದೋ ಒಮ್ಮೆ ಬದಲಾಗುವ ಮಾಹಿತಿಯನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕು, ಪ್ರತಿ ಕ್ಲಿಕ್ಕಿಗೂ ಡೇಟಾಬೇಸಿಗೆ ಓಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಕಾಲಮಿಗೂ ಸೂಚಿ ಕಟ್ಟಿಬಿಡೋಣ ಎಂದು ಯಾರಾದರೂ ಹೊರಟಾರು. ಬೇಡ. ಒಂದು ಮ್ಯುಟೇಶನ್ ಆಗಿ ಹೆಸರು ಬದಲಾದರೆ ಆ ಹೆಸರಿರುವ ಪ್ರತಿ ಸೂಚಿಯಲ್ಲೂ ತಿದ್ದಬೇಕು. ಸೂಚಿ ಹೆಚ್ಚಾದಷ್ಟೂ ಬರೆಯುವುದು ನಿಧಾನ, ಜಾಗವೂ ಖರ್ಚು. ಹೆಣ್ಣೋ ಗಂಡೋ ಎಂಬಂಥ ಎರಡೇ ಮೌಲ್ಯದ ಕಾಲಮಿಗೆ ಸೂಚಿ ಕಟ್ಟಿದರೆ ಅರ್ಧ ರಾಶಿಯನ್ನು ಓದಲೇಬೇಕು, ಉಪಯೋಗವಿಲ್ಲ. ಯಾವ ಪ್ರಶ್ನೆಗೆ ಯಾವ ದಾರಿ ಹಿಡಿಯುತ್ತೇನೆಂದು ಡೇಟಾಬೇಸೇ ಹೇಳುತ್ತದೆ. ಪ್ರಶ್ನೆಯ ಮೊದಲಿಗೆ ‘ಎಕ್ಸ್‌ಪ್ಲೇನ್’ ಎಂಬ ಒಂದು ಪದ ಸೇರಿಸಿದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ತಮ್ಮ ಯೋಜನೆಯನ್ನು ಬಿಡಿಸಿಡುತ್ತವೆ. ಅದನ್ನು ಓದದೆ ಸರ್ವರ್ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಸಾರ್ವಜನಿಕರ ಹಣ ಅದು. ಹಾಗೆಯೇ ಯಂತ್ರ ತನ್ನ ಯೋಜನೆ ಹಾಕುವುದು ಅಂಕಿಅಂಶ ನೋಡಿ. ಹೊಸದಾಗಿ ಲಕ್ಷಾಂತರ ಸಾಲು ಸೇರಿದ ಮೇಲೆ ಅಂಕಿಅಂಶ ನವೀಕರಿಸದಿದ್ದರೆ, ನೂರು ಸಾಲಿನ ಕೋಷ್ಟಕವೆಂದು ತಿಳಿದು ಎಲ್ಲವನ್ನೂ ಓದಲು ಹೊರಟುಬಿಡಬಹುದು.

ಹೆಸರಿನ ತೊಡಕಿಗೆ ಕೊನೆಯ ಮದ್ದು ಹೆಸರನ್ನು ನೆಚ್ಚದಿರುವುದು. 2024ರಿಂದ ಗ್ರಾಮ ಆಡಳಿತಾಧಿಕಾರಿಗಳು ಪಹಣಿಗೆ ಆಧಾರ್ ಜೋಡಿಸುತ್ತಿದ್ದಾರೆ. ಬೆಂಬಲ ಬೆಲೆಗೆ, ಬೆಳೆ ಪರಿಹಾರಕ್ಕೆ ಕೇಳುವ ‘ಫ್ರೂಟ್ಸ್’ ಗುರುತಿನ ಸಂಖ್ಯೆಯೂ ಇದೇ ಕೆಲಸ ಮಾಡುತ್ತದೆ. ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಬೆಸೆಯುವುದು ಸಂಖ್ಯೆಯಿಂದಾದರೆ ಚನ್ನ, ಚೆನ್ನ ಎರಡೂ ಇರಲಿ, ಮನುಷ್ಯ ತಪ್ಪಿಹೋಗುವುದಿಲ್ಲ. ಇದೇ ಹೊತ್ತಿನಲ್ಲಿ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಚಿತ್ರದಲ್ಲಿ ಹುಡುಕಲಾಗದು; ಚಿತ್ರದ ಜೊತೆ ಊರು, ಸರ್ವೆ ನಂಬರು, ವರ್ಷ ಎಂದು ಏನು ಟೈಪು ಮಾಡುತ್ತಾರೋ ಮುಂದೆ ಸಿಗುವುದು ಅದರಿಂದಲೇ. ಆ ಕೆಲಸದಲ್ಲಿರುವ ನಮ್ಮ ಹುಡುಗ ಹುಡುಗಿಯರು ಅವಸರ ಮಾಡಬಾರದು ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮಲ್ಲೂ ಒಂದು ಮನವಿ. ಈ ವಾರ ನಿಮ್ಮ ಪಹಣಿಯ ಪ್ರತಿ ತೆಗೆದು 9ನೇ ಕಾಲಂ ಓದಿ. ನಿಮ್ಮ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ತಂದೆಯ ಹೆಸರು ಸರಿಯಿದೆಯೇ, ತೀರಿಕೊಂಡವರ ಹೆಸರಲ್ಲೇ ಇನ್ನೂ ಉಳಿದಿದೆಯೇ ನೋಡಿ. ತಪ್ಪಿದ್ದರೆ ತಿದ್ದುಪಡಿಗೆ, ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಸರ್ವೆ ನಂಬರು, ಹಿಸ್ಸಾ, ಫ್ರೂಟ್ಸ್ ಸಂಖ್ಯೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ.